ಉಳಿದ ಕಬ್ಬಿಣ

ಜುವಾರಿ ದಂಡೀಗೆ ಎಳದು ನಿಲ್ಲಿಸಿದ ಬಾರ್ಜು.
ಅದರ ಹೊಟ್ಟಿ ಕೆಳಗ ಅಂಗಾತ ಬಿದ್ದು
ತುಕ್ಕ ಕೆರಿಯಾಕ ಹತ್ತಿ ಇಪ್ಪತ್ತಾರು ವರ್ಷಾತು.
ಮುಂಡರಗಿಯಿಂದ ಬಂದ ದಿನ
ಮೌಲಾಲಿ ಮಾಮಾ ಕಲಿಸಿದ್ದು ಇಷ್ಟ:
ಸುತ್ತಿಗಿ ಇರೂದು ಬಡಿಯಾಕಲ್ಲ, ಕೇಳಾಕ.
ಗಟ್ಟಿ ಇದ್ದಲ್ಲಿ ಠಣ್ ಅಂತೈತಿ,
ತಿಂದು ಹೋದಲ್ಲಿ ಬರೇ ಪಟ್,
ಹುಳಾ ಹೊಕ್ಕ ಹುಣಸೀಬೀಜದಂಗ.
ಸಾವಕಾಶ ಕೇಳತಾ ಹೋಗು,
ಎಲ್ಲಿ ನೋವಂತ ಹಡಗ ತಾನ ಹೇಳತೈತಿ.

ಹೋದ ಮಳಿಗಾಲಕ್ಕ ಅದ ಮಾಮಾ
ಕೈಯಾಗಿನ ಸುತ್ತಿಗಿ ಎತ್ತಿ ಹಿಡದು
‘ಇದಕ ಏನಂತಾರೋ?’ ಅಂದ.
ಚ್ಯಾಷ್ಟಿ ಅಂದ್ಕೊಂಡು ನಕ್ಕೆ.
ಮುಂದಿನ ವಾರ ಬೈನಾದ ತನ್ನ ಖೋಲಿ ದಾಟಿ
ಸಡಾ ಗುಡ್ಡ ಹತ್ತಿ, ಯಾರದೋ ಬಾಗಲಾ ಬಡದು
‘ಮಾಬೂಬಿ, ತಗೀ’ ಅಂತ ಕರದನಂತ.
ಮಾಬೂಬಿ ಸತ್ತು ಏಳು ವರ್ಷ.

ಶುಕ್ರವಾರಕ್ಕೊಮ್ಮೆ ಕೇಪೆಯಿಂದ ಬಸ್ ಹತ್ತಿ
ವಾಸ್ಕೋ ಬಜಾರಕ್ಕ ಬರತಾಳ ವೆಳಿಪ ಮುದುಕಿ.
ಬಾಳಿನಾರಿಲೆ ಬಿಗದ ಸಿವುಡು,
ಕುದರಿ ಲಾಳದಂಥಾ ಸಣ್ಣ ಎಲಿ.
ಆಕಿ ಎಕಪಾನಿ ಅಂತಾಳ, ನಮ್ಮವ್ವ ಒಂದೆಲಗ ಅಂತಿದ್ಲು.
ಎರಡೂ ಮಾತಿನಾಗ ಎಣಿಕಿ ಒಂದರಮಟಾನ.
ಹಸೀದ ಅರದು, ಬರಿಹೊಟ್ಟಿಗೆ, ಹಾಲಿನಾಗ,
ಬೆರಳಿಲೆ ತೋರಿಸಿದ್ಲು.
‘ಹೋದದ್ದು ತಿರುಗಿ ಬರತೈತೇನು?’
‘ಗೆಲೆಂ ತೆಂ ಗೆಲೆಂ’ ಅಂತಂದು
ಚಿಲ್ಲರ ಎಣಿಸಾಕ ಹತ್ತಿದ್ಲು.

ಬಾಜೂಕ ಒಬ್ಬ ಹುಡುಗಿ, ಪ್ರಿಯೋಳಕರ ಅಂತ,
ತಾಳಗಾಂವ ವಿದ್ಯಾಪೀಠದಾಕಿ,
ಒಮ್ಮೆಲೆ ಹನ್ನೆರಡು ಸಿವುಡು ತಗೊಂಡ್ಲು.
ಮನ್ಯಾಗ ಅಷ್ಟು ಮಂದಿಗೆ ಮರವೇನವ್ವಾ ಅಂದೆ.
ನಕ್ಕು, ಅರ್ಧ ಹಿಂದಿ ಅರ್ಧ ಕೊಂಕಣಿಯೊಳಗ ಹೇಳಿದ್ಲು:
ಗಾಜಿನ ತಟ್ಟ್ಯಾಗ ಮೆದುಳಿನ ಕಣ ಬೆಳಸತೀವಿ,
ಮ್ಯಾಲ ಪೆರಾಕ್ಸೈಡ್ ಹನಿಸತೀವಿ.
ನಾವು ಉಸರಾಡೂ ಗಾಳೀನ ಕಾಕಾ, ಒಳಗೊಳಗ
ಹಂಗ ಸುಡತೈತಿ ಕಣಾನ.
ಮದ್ಲ ಈ ರಸ ಕುಡದ ತಟ್ಟ್ಯಾಗ
ಸಾಯೂವು ಸ್ವಲ್ಪ ಕಡಿಮಿ.
‘ಮನಷ್ಯಾರಾಗ?’
ಚೀಲದ ಬಾಯಿ ಕಟ್ಟತಾ ತಡದ್ಲು.
‘ಗೊತ್ತಿಲ್ಲ. ತಟ್ಟಿ ಬ್ಯಾರೆ, ತಲಿ ಬ್ಯಾರೆ.’

ಗಾಳಿ ತಿಂತೈತಿ ಅನ್ನೂದು
ನನಗ ಯಾರು ಹೇಳಬೇಕು ತಂಗಿ?
ನೋಡು ಅಂತ ಅಂಗೈ ಬಿಚ್ಚಿದೆ.
ಎಷ್ಟು ತೊಳದರೂ ಹೋಗದ ಕೆಂಪ
ಗೆರಿಗೆರ್ಯಾಗ ಕುಂತಿತ್ತು.
ಹೋದ ಕಬ್ಬಿಣಕ್ಕ ನಮ್ಮ ಹತ್ರನೂ ಔಷಧ ಇಲ್ಲ.
ಕೆರದು, ಒರಸಿ, ಉಳದದ್ದಕ್ಕ
ರೆಡ್ ಆಕ್ಸೈಡ್ ಬಳೀತೀವಿ.
ಖರೇ ಅಂದ್ರ ಅದೂ ತುಕ್ಕಿನ ಪುಡೀನ,
ಡಬ್ಬ್ಯಾಗ ತುಂಬಿ ಮಾರತಾರ.
ಆಕಿ ಅದನ್ನೂ ವಹಿಯೊಳಗ ಬರಕೊಂಡ್ಲು.

ಈಗ ದಿನಾ ಮುಂಜಾನಿ ಕಲ್ಲಿಗೆ ಒಂದು ಹಿಡಿ ಎಲಿ.
ಒಂದು ಡಬ್ಬ್ಯಾಗ ಬೇರು ನೆಟ್ಟೀನಿ, ಮೂರು ಚಿಗುರ್ಯಾವ.
ಮಾಮಾ ಲೋಟಾ ಎತ್ತಿ ಮಾರಿ ಕಿವಿಚತಾನ:
‘ಥೂ, ಬಾರ್ಜು ನೆಕ್ಕಿದಂಗ ಐತಿ!’
ಬಾರ್ಜು ಅನ್ನೂದು ನೆನಪೈತಿ.
ನನ್ನ ಹೆಸರು ನಿನ್ನೆ ಇತ್ತು, ಇವತ್ತ ಇಲ್ಲ.
ನನ್ನ ಇಮಾಮ ಅಂತಾನ, ಯಾರು ಆ ಇಮಾಮ,
ಕೇಳಿದರ ಅವಗೂ ಗೊತ್ತಿಲ್ಲ.

ಇವತ್ತ ಮಧ್ಯಾಹ್ನ ಹಟಾ ಮಾಡಿ ಜೋಡೀಲೆ ಬಂದ.
ಸುತ್ತಿಗಿ ಕೊಟ್ಟೆ. ಹೆಸರು ಕೇಳಲಿಲ್ಲ.
ತೆವಳಿ ಬಾರ್ಜಿನ ಕೆಳಗ ಹೊಕ್ಕ,
ಕಣ್ಣು ಮುಚ್ಚಿ ಬಡಕೋತ ಹೋದ,
ಠಣ್, ಠಣ್, ಠಣ್,
ಒಂದು ಕಡೆ ನಿಂತು ಸೀಮೆಸುಣ್ಣ ಬೇಡಿ
ಸಣ್ಣದೊಂದು ಸುತ್ತು ಹಾಕಿದ. ‘ಇಲ್ಲಿ, ಇಮಾಮ.’
ನನಗೇನೂ ಕೇಳಿರಲಿಲ್ಲ. ಆದರೂ ಕೆರದೆ.
ಹಕ್ಕಳಿ ಉದುರಿ
ಅವನ ಎದಿ ಮ್ಯಾಲ ಬಿತ್ತು
ಬೆರಳ ಗಾತ್ರದ ಬಿಸಲು.